ಅಡ್ಡೆಸ್ರು ಏನ್ರಿ ನಿಮ್ದು?

ಬೆಲ್ಲದ, ಅಗಸಿಮನಿ, ಕುಲಕರ್ಣಿ, ವಾಲೀಕಾರ, ನಾಯಕ, ಲೋಬೊ: ಕನ್ನಡನಾಡಿನ ಮನೆತನದ ಹೆಸರುಗಳನ್ನು ಇಟ್ಟವರು ಯಾರು, ಬರೆದವರು ಯಾರು?

ಉತ್ತರ ಕರ್ನಾಟಕದ ಮದುವೆ ಕಾರ್ಡನ್ನು ಕೆಳಗಿನಿಂದ ಓದಬೇಕು. ಮೇಲೆ ಇರುವುದು ಎಲ್ಲ ಕಾರ್ಡುಗಳಲ್ಲೂ ಇರುವಂಥದ್ದೇ. ಮನೆದೇವರ ಪ್ರಸನ್ನ, ಚಿ. ರಾ., ಚಿ. ಕುಂ. ಸೌ., ಅಕ್ಷತೆಯ ಹೊತ್ತು, ಕಲ್ಯಾಣ ಮಂಟಪಕ್ಕೆ ಹೋಗುವ ದಾರಿ. ಸ್ವಾರಸ್ಯವೆಲ್ಲ ಇರುವುದು ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ. ‘ತಮ್ಮ ಆಗಮನಾಭಿಲಾಷಿಗಳು: ಅಕ್ಕಿ, ಅಂಗಡಿ, ಹುಣಸಿಮರದ, ಅಗಸಿಮನಿ, ಬೆಲ್ಲದ ಹಾಗೂ ಗೌಡರ ಬಂಧುಗಳು’ ಎಂಬ ಧಾಟಿಯಲ್ಲಿ ಅದು ಇರುತ್ತದೆ. ಮೈಸೂರು ಕಡೆಯವರ ಕೈಗೆ ಈ ಕಾರ್ಡು ಸಿಕ್ಕರೆ ಮೊದಲು ನಗುತ್ತಾರೆ. ಧಾರವಾಡದವರು ನಗುವುದಿಲ್ಲ, ಲೆಕ್ಕ ಹಾಕುತ್ತಾರೆ. ಅಗಸಿಮನಿ ಅಂದರೆ ಹುಡುಗಿಯ ಸೋದರಮಾವನ ಮನೆಯವರಿರಬೇಕು, ಬೆಲ್ಲದವರು ನರಗುಂದದ ಕಡೆಯವರೋ ಗದಗಿನ ಕಡೆಯವರೋ, ನಮಗೆ ಹತ್ತಿರದವರೋ ದೂರದವರೋ ಅಂತ.

‘ಮೆಣಸಿನಕಾಯಿ ಅವರ ಮಗಳನ್ನು ಉಳ್ಳಾಗಡ್ಡಿ ಅವರ ಮಗನಿಗೆ ಕೊಟ್ಟರು’ ಎಂಬ ಹಾಸ್ಯವನ್ನು ಭಾಷಣಕಾರರು ಎಷ್ಟು ಸಲ ಅರೆದಿದ್ದಾರೆಂದರೆ ಅದರಲ್ಲಿ ಈಗ ಖಾರವೂ ಉಳಿದಿಲ್ಲ. ನಕ್ಕು ಸುಮ್ಮನಾಗಿಬಿಟ್ಟರೆ ಆ ಹೆಸರುಗಳು ಹೇಗೆ ಕಟ್ಟಿಕೊಂಡವು ಎಂಬುದು ಕಣ್ಣಿಗೆ ಬೀಳುವುದಿಲ್ಲ. ಬೆಲ್ಲದ, ತುಪ್ಪದ, ಉಪ್ಪಿನ, ವಸ್ತ್ರದ, ಜೋಳದ. ಇವೆಲ್ಲ ಅರ್ಧಕ್ಕೆ ನಿಂತ ಮಾತುಗಳು. ಬೆಲ್ಲದ ಏನು? ಬೆಲ್ಲದ ಅಂಗಡಿಯವರೋ, ಬೆಲ್ಲದ ವ್ಯಾಪಾರದವರೋ. ಷಷ್ಠಿ ವಿಭಕ್ತಿ ಮಾತ್ರ ಉಳಿದು ಮುಂದಿನ ಪದ ಉದುರಿಹೋಗಿದೆ. ಬಡಿಗೇರ, ಗಾಣಿಗೇರ, ಗೌಡರ, ಶೆಟ್ಟರ ಎಂಬ ಹೆಸರುಗಳ ಕೊನೆಯ ‘ರ’ ಕೂಡ ಹಾಗೆಯೇ, ಬಡಿಗರ ಮನೆಯವ, ಶೆಟ್ಟರ ಮನೆಯವಳು ಎಂದು ಹೇಳಹೊರಟು ನಿಂತದ್ದು. ಈ ಭಾಗದಲ್ಲಿ ಹೊಸಬರನ್ನು ಕಂಡರೆ ಇವತ್ತಿಗೂ ಮೊದಲು ಕೇಳುವುದು ‘ಯಾರ ಪೈಕೀರಿ?’ ಎಂದು. ಅದಕ್ಕೆ ಕೊಡುವ ಉತ್ತರ ‘ಬಡಿಗೇರವರ ಪೈಕಿ’. ಅಂದರೆ ಅಡ್ಡಹೆಸರು ಒಬ್ಬರು ತಮಗೆ ತಾವೇ ಇಟ್ಟುಕೊಂಡದ್ದಲ್ಲ. ಊರಿನವರು ಒಂದು ಮನೆಯನ್ನು ಇನ್ನೊಂದರಿಂದ ಬೇರೆ ಮಾಡಿ ಕರೆಯಲು ಬಳಸಿದ್ದು.

ಒಂದು ಊರಿನಲ್ಲಿ ಹತ್ತು ಬಸಪ್ಪಗಳಿದ್ದರೆ ಮಾಡುವುದೇನು? ಬಾವಿಯ ಹತ್ತಿರದ ಬಸಪ್ಪ ಬಾವಿಕಟ್ಟಿ ಆದ. ಊರ ಅಗಸಿಯ, ಅಂದರೆ ಹೆಬ್ಬಾಗಿಲಿನ, ಪಕ್ಕದವನು ಅಗಸಿಮನಿ. ಪಾಲಾಗಿ ಬೇರೆ ಮನೆ ಕಟ್ಟಿಕೊಂಡವನು ಹೊಸಮನಿ, ಮೂಲದ ಮನೆಯಲ್ಲೇ ಉಳಿದವನು ಹಳೇಮನಿ ಅಥವಾ ದೊಡ್ಡಮನಿ. ಬೇವಿನಮರದ, ಹುಣಸಿಮರದ, ಅರಳಿಕಟ್ಟಿ, ತೋಟದ, ಕೆಳಗಿನಮನಿ. ಪಿನ್‌ಕೋಡ್ ಇಲ್ಲದ ಕಾಲದ ವಿಳಾಸಗಳಿವು. ಬೇವಿನಮರ ಎಂದೋ ಬಿದ್ದಿರಬಹುದು, ‘ಹೊಸ’ಮನಿಗೆ ನೂರೈವತ್ತು ವರ್ಷ ದಾಟಿರಬಹುದು. ಅಂಚೆಯಣ್ಣನಿಗೆ ಅದರಿಂದ ತೊಂದರೆಯೇನೂ ಆಗಿಲ್ಲ.

ಮನಸೂರಿನಲ್ಲಿ ಮನಸೂರರಿಲ್ಲ

ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತವರದು ಇನ್ನೊಂದು ಕಥೆ. ಧಾರವಾಡದ ಪಕ್ಕದ ಮನಸೂರಿನಲ್ಲಿ ಯಾರನ್ನಾದರೂ ‘ಮನಸೂರ’ ಎಂದು ಕರೆದು ಪ್ರಯೋಜನವಿಲ್ಲ, ಅಲ್ಲಿರುವವರೆಲ್ಲರೂ ಮನಸೂರಿನವರೇ. ಊರಿನ ಹೆಸರು ಅಂಟುವುದು ಊರು ಬಿಟ್ಟ ಮೇಲೆ. ಮಲ್ಲಿಕಾರ್ಜುನ ಮನಸೂರರ ಹಾಡು ದೇಶ ಸುತ್ತಿತು, ಜೊತೆಗೆ ಆ ಪುಟ್ಟ ಹಳ್ಳಿಯ ಹೆಸರೂ ಸುತ್ತಿತು. ಎಷ್ಟೋ ಮನೆತನಗಳ ವಲಸೆಯ ದಾಖಲೆ ಎಂದರೆ ಅಡ್ಡಹೆಸರು ಒಂದೇ. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಚನ್ನವೀರ ಕಣವಿ ಅವರು ಗದಗ ಸೀಮೆಯ ಹೊಂಬಳದಲ್ಲಿ, ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನಲ್ಲಿ. ಗಿರೀಶ ಕಾರ್ನಾಡರಂತೂ ಹುಟ್ಟಿದ್ದೇ ಮಹಾರಾಷ್ಟ್ರದ ಮಾಥೇರಾನದಲ್ಲಿ, ಹೆಸರಿನಲ್ಲಿರುವ ಕಾರ್ನಾಡು ಮೂಲ್ಕಿಯ ಬಳಿಯದು. ಹಿರಿಯರು ಯಾವ ಬರಗಾಲಕ್ಕೆ, ಯಾವ ನೌಕರಿಗೆ, ಯಾವ ಸಂಬಂಧಕ್ಕೆ ಊರು ಬಿಟ್ಟರೋ ಹೆಸರು ಹೇಳುವುದಿಲ್ಲ. ಎಲ್ಲಿಂದ ಹೊರಟರು ಎಂಬುದನ್ನಷ್ಟೇ ಹಿಡಿದಿಟ್ಟುಕೊಂಡಿದೆ.

1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಜನರನ್ನು ಆ ಭಾಗದಲ್ಲಿ ಸಪ್ತರ್ಷಿಗಳು ಎನ್ನುತ್ತಾರೆ. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಕಟ್ಟೀಮನಿ, ಪಾಟೀಲ. ಈ ಪಟ್ಟಿಯನ್ನು ಒಂದು ಸಲ ಜೋರಾಗಿ ಓದಿ ನೋಡಿ. ಬಸವನಾಳ, ಮಮದಾಪುರ, ಹಂಚಿನಾಳ, ಚಿಕ್ಕೋಡಿ ನಾಲ್ಕೂ ಊರುಗಳು. ಕಟ್ಟೀಮನಿ ಎಂಬುದು ಕಟ್ಟೆಯಿದ್ದ ಮನೆ. ಸಾಖರೆಯಲ್ಲಿ ಮರಾಠಿಯ ಸಕ್ಕರೆ ಇದೆ. ಪಾಟೀಲ ಒಂದು ಹುದ್ದೆ. ಏಳೇ ಹೆಸರಿನಲ್ಲಿ ಇಡೀ ಸೀಮೆಯ ಪದ್ಧತಿ ಸಿಗುತ್ತದೆ.

ಊರಿನ ಹೆಸರು ಯಾವಾಗಲೂ ತಂದೆಯಿಂದಲೇ ಬರಬೇಕೆಂದಿಲ್ಲ. ಗಂಗೂಬಾಯಿ ಹಾನಗಲ್ ಅವರದು ತಾಯಿಯ ಕಡೆಯಿಂದ ಸಂಗೀತ ಹರಿದುಬಂದ ಮನೆತನ, ಹಾನಗಲ್ಲು ಆ ಮನೆಯವರ ಮೂಲ. ಆರಂಭದ ಗ್ರಾಮಾಫೋನ್ ತಟ್ಟೆಗಳ ಮೇಲೆ ಅವರು ಹುಬ್ಬಳ್ಳಿಯ ಗಾಂಧಾರಿ ಆಗಿದ್ದರು. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ಸೂಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಎಳೆವೆಯಲ್ಲೇ ಕುಮಾರ ಗಂಧರ್ವ ಎನಿಸಿಕೊಂಡ, ಆಮೇಲೆ ಮಠದ ಹೆಸರನ್ನು ಕೇಳಿದವರಿಲ್ಲ.

ಅಂದಹಾಗೆ, ಮಠಗಳು. ಹಿರೇಮಠ, ಚಿಕ್ಕಮಠ, ಸಾಲಿಮಠ, ವಿರಕ್ತಮಠ, ಗಚ್ಚಿನಮಠ. ಹೆಚ್ಚಾಗಿ ಜಂಗಮ ಮನೆತನಗಳು. ಊರಿನ ದೊಡ್ಡ ಮಠಕ್ಕೆ ಸೇರಿದವರು ಹಿರೇಮಠ, ಮಕ್ಕಳಿಗೆ ಓದು ಹೇಳುತ್ತಿದ್ದವರದು ಸಾಲಿಮಠ. ಪ್ರತಿ ಊರಿನಲ್ಲೂ ಒಂದು ದೊಡ್ಡ ಮಠ ಇರುವುದರಿಂದ ಹಿರೇಮಠರ ಸಂಖ್ಯೆಯೂ ದೊಡ್ಡದು. ಇಬ್ಬರು ಹಿರೇಮಠರು ಭೇಟಿಯಾದರೆ ಒಬ್ಬರಿಗೊಬ್ಬರು ಏನೂ ಆಗಬೇಕೆಂದಿಲ್ಲ.

ಮುಂದಿದ್ದದ್ದು ಹಿಂದೆ ಹೋಯಿತು

ಹೆಸರಿನ ಅರ್ಥ ಹುಡುಕುವವರು ಅದು ಎಲ್ಲಿ ಕೂತಿದೆ ಎಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ನನಗೆ ಅರ್ಥಕ್ಕಿಂತ ಅದೇ ಮುಖ್ಯ ಎನಿಸುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನು ನೆನಪು ಮಾಡಿಕೊಳ್ಳಿ. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಕಾಯಕ ಮುಂದೆ, ಹೆಸರು ಹಿಂದೆ. ಸೌದೆಯ ಹೊರೆ ಹೊತ್ತವನು, ಹಗ್ಗ ಹೊಸೆದವನು, ಬಸವಣ್ಣನವರ ಎಲೆಯಡಿಕೆಯ ಚೀಲ ಹಿಡಿದವನು, ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ದಂಪತಿ. ಊರಿನ ಹೆಸರೂ ಹಾಗೆಯೇ ಮುಂದೆ ಬರುತ್ತಿತ್ತು. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಬೆಳವಡಿ ಮಲ್ಲಮ್ಮ. ರಾಯಣ್ಣ ಸಂಗೊಳ್ಳಿ ಎಂದು ಹೇಳಿ ನೋಡಿ, ಬ್ಯಾಂಕ್ ಪಾಸ್‌ಬುಕ್ಕಿನ ವಾಸನೆ ಬರುತ್ತದೆ.

ಕನ್ನಡದ ಜಾಯಮಾನ ಇದು. ಗುರುತು ಮೊದಲು, ಮನುಷ್ಯ ಆಮೇಲೆ. ಇದನ್ನು ತಿರುವಿ ಹಾಕಿದ್ದು ದಫ್ತರ. ಪೇಶ್ವೆಯವರ ಆಡಳಿತ, ಆಮೇಲೆ ಮುಂಬಯಿ ಪ್ರಾಂತ್ಯದ ಕಚೇರಿ, ಶಾಲೆ, ಕೋರ್ಟು. ಧಾರವಾಡ, ಬೆಳಗಾವಿ, ವಿಜಯಪುರ ಆ ಪ್ರಾಂತ್ಯದಲ್ಲಿದ್ದವು, 1862ರಲ್ಲಿ ಉತ್ತರ ಕನ್ನಡವೂ ಮದರಾಸು ಪ್ರಾಂತ್ಯದಿಂದ ಅಲ್ಲಿಗೆ ಸೇರಿತು. ಅಲ್ಲಿಯ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೂರು ಕಾಲಂ. ಮೂರನೆಯದನ್ನು ತುಂಬಲೇಬೇಕು. ಮಾಸ್ತರರು ಕೇಳಿದರು, ಅಪ್ಪ ಊರಿನವರು ಕರೆಯುತ್ತಿದ್ದುದನ್ನು ಹೇಳಿದ. ಬಾಯಲ್ಲಿ ತಲೆಮಾರಿಗೊಮ್ಮೆ ಬದಲಾಗಬಹುದಾಗಿದ್ದ ಹೆಸರು ಮಸಿಯಲ್ಲಿ ಗಟ್ಟಿಯಾಯಿತು. ಅಜ್ಜ ಬೆಲ್ಲ ಮಾರಿದ್ದಕ್ಕೆ ಮೊಮ್ಮಗ ಸಾಫ್ಟ್‌ವೇರ್ ಕಂಪನಿಯಲ್ಲೂ ಬೆಲ್ಲದ.

ಆದರೂ ಕನ್ನಡದಲ್ಲಿ ಬರೆಯುವಾಗ ಹಳೆಯ ಜಾಯಮಾನ ಬಿಟ್ಟುಹೋಗಲಿಲ್ಲ. ‘ಶಾಂತಕವಿ’ ಸಕ್ಕರಿ ಬಾಳಾಚಾರ್ಯ, ಆಲೂರು ವೆಂಕಟರಾಯ, ಹುಯಿಲಗೋಳ ನಾರಾಯಣರಾಯ, ಮುದವೀಡು ಕೃಷ್ಣರಾಯ, ಹರ್ಡೇಕರ ಮಂಜಪ್ಪ, ಬೆಟಗೇರಿ ಕೃಷ್ಣಶರ್ಮ, ಸಿಂಪಿ ಲಿಂಗಣ್ಣ. ಎಲ್ಲರೂ ಮುಂಬಯಿ ಕರ್ನಾಟಕದವರೇ, ಅಡ್ಡಹೆಸರು ಮಾತ್ರ ಮುಂದಿದೆ. ಅದೇ ಸುಮಾರಿಗೆ ಬೇಂದ್ರೆ, ಗೋಕಾಕ, ಬಸವರಾಜ ಕಟ್ಟೀಮನಿ ಅವರ ಅಡ್ಡಹೆಸರು ಹಿಂದೆ. ಎರಡೂ ಪದ್ಧತಿ ಒಟ್ಟಿಗೆ ನಡೆದವು, ಗೆದ್ದದ್ದು ಎರಡನೆಯದು.

ಹಳೆ ಮೈಸೂರಿನವರು ಈ ಕಾಲಮ್ಮಿನಿಂದ ಬಚಾವಾದರು. ಅಲ್ಲಿ ಊರೂ ಅಪ್ಪನೂ ಇನಿಷಿಯಲ್ ಆಗಿ ಮುಂದೆಯೇ ಉಳಿದರು. ಇದರಿಂದ ಒಂದು ತಮಾಷೆ ಹುಟ್ಟಿದೆ. ಕೆ.ವಿ. ಪುಟ್ಟಪ್ಪನವರ ‘ಕೆ’ ಕುಪ್ಪಳಿ, ‘ವಿ’ ತಂದೆ ವೆಂಕಟಪ್ಪ. ದ.ರಾ. ಬೇಂದ್ರೆಯವರ ‘ದ’ ಸ್ವತಃ ದತ್ತಾತ್ರೇಯ, ‘ರಾ’ ತಂದೆ ರಾಮಚಂದ್ರ. ಇಬ್ಬರಿಗೂ ಎರಡೆರಡು ಇನಿಷಿಯಲ್, ಆದರೆ ಒಬ್ಬರಲ್ಲಿ ಅದು ಊರಿನಿಂದ ಶುರುವಾಗುತ್ತದೆ, ಇನ್ನೊಬ್ಬರಲ್ಲಿ ತನ್ನಿಂದಲೇ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಸರ್ ಎಂ.ವಿ. ಅವರ ‘ಎಂ’ ಇರುವುದು ಆಂಧ್ರದಲ್ಲಿ, ಹಿರಿಯರ ಊರಾದ ಮೋಕ್ಷಗುಂಡಂ. 1956ರಲ್ಲಿ ರಾಜ್ಯ ಒಂದಾಯಿತು, ಹೆಸರು ಬರೆಯುವ ಪದ್ಧತಿ ಒಂದಾಗಲಿಲ್ಲ. ಧಾರವಾಡದ ಗುಮಾಸ್ತ ಮೈಸೂರಿನವರ ಫಾರಂ ನೋಡಿ ‘ಅಡ್ಡೆಸ್ರು ಬರ್ದಿಲ್ಲಲ್ರೀ’ ಎನ್ನುವುದೂ, ಬೆಂಗಳೂರಿನ ಕೌಂಟರಿನಲ್ಲಿ ವಿಜಯಪುರದವರನ್ನು ‘ಇನಿಷಿಯಲ್ ಹೇಳಿ’ ಎಂದು ಕಾಡುವುದೂ ಇಂದಿಗೂ ನಡೆದಿದೆ.

ಅಡ್ಡಹೆಸರಿಲ್ಲ ಎಂದ ಮಾತ್ರಕ್ಕೆ ಮೈಸೂರು ಕಡೆ ಗುರುತಿನ ಚೀಟಿ ಇಲ್ಲವೆಂದು ತಿಳಿಯಬೇಡಿ. ಅಯ್ಯ, ಅಪ್ಪ, ಗೌಡ, ಶೆಟ್ಟಿ, ರಾವ್, ಆಚಾರ್ ಹೆಸರಿನೊಳಗೇ ಸೇರಿಕೊಂಡು ಅದೇ ಕೆಲಸ ಮಾಡುತ್ತವೆ. ಈ ಬಾಲವನ್ನೂ ಕತ್ತರಿಸಿದವರಿದ್ದಾರೆ. ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟರು. ಹೆಸರು ನೋಡಿ ಯಾವ ಜಾತಿ ಎಂದು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.

ಗೌಡಕಿ ಹೋಯಿತು, ಗೌಡ ಉಳಿದ

ಈವರೆಗಿನ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಜತ್ತಿ, ಪಾಟೀಲ, ಅರಸು, ಹೆಗಡೆ, ಗೌಡ, ಪಟೇಲ, ಶೆಟ್ಟರ ಎಲ್ಲರೂ ಇದ್ದಾರೆ.  ಇವರಲ್ಲಿ ಬಿ.ಡಿ. ಜತ್ತಿ 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು. ಉಳಿದವುಗಳಲ್ಲಿ ಗೌಡ, ಪಾಟೀಲ, ಪಟೇಲ ಮೂರೂ ಒಂದೇ ಕುರ್ಚಿಯ ಹೆಸರು. ಊರಿನ ಮುಖ್ಯಸ್ಥ, ಕಂದಾಯ ಎತ್ತುವವನು. ಹಳೆಯ ಶಾಸನಗಳ ಗಾವುಂಡನೇ ಗೌಡನಾದ. ಪಾಟೀಲನ ಮೂಲ ಶಾಸನಗಳಲ್ಲಿ ಬರುವ ಪಟ್ಟಕಿಲ. ಪೆರ್ಗಡೆ ಹೆಗ್ಗಡೆಯಾಗಿ ಹೆಗಡೆಯಾದ.

ಕುರ್ಚಿಯ ಪಕ್ಕದಲ್ಲಿ ಲೆಕ್ಕದ ಪುಸ್ತಕ. ಶಾಸನದ ಸೇನಬೋವ ಮೈಸೂರಿನಲ್ಲಿ ಶಾನುಭೋಗ, ಕರಾವಳಿಯಲ್ಲಿ ಶಾನಭಾಗ. ಮುಂಬಯಿ ಸೀಮೆಯಲ್ಲಿ ಅವನೇ ಕುಲಕರ್ಣಿ. ಒಂದು ಊರಿಗೆ ಪಾಟೀಲ ಮತ್ತು ಕುಲಕರ್ಣಿ ಹೇಗೋ ಹಾಗೆ ಇಡೀ ಪರಗಣೆಗೆ ದೇಸಾಯಿ ಮತ್ತು ದೇಶಪಾಂಡೆ. ಅದನ್ನೇ ಕನ್ನಡದಲ್ಲಿ ಹೇಳಿದರೆ ನಾಡಗೌಡ ಮತ್ತು ನಾಡಿಗೇರ. ನಾಡಗೌಡರೂ ದೇಸಾಯರೂ ಬೇರೆಬೇರೆ ಎಂದುಕೊಂಡಿರುವವರು ಬಹಳ ಮಂದಿ. ಪೇಟೆಯ ವ್ಯಾಪಾರಿಗಳಿಗೊಬ್ಬ ಹಿರಿಯ ಪಟ್ಟಣಶೆಟ್ಟಿ, ನಾಣ್ಯದ ಚೊಕ್ಕತನ ನೋಡುವವನು ಪೋತದಾರ. ಈ ‘ದಾರ’ ಫಾರಸಿಯದು, ಹಿಡಿದವನು, ಹೊಂದಿದವನು ಎಂದರ್ಥ. ಆದಿಲ್‌ಶಾಹಿ, ಮೊಘಲ, ಮರಾಠಾ ಆಳ್ವಿಕೆಗಳು ಒಂದರ ಮೇಲೊಂದು ಬಂದು ಹೋದವು, ದಾರಗಳು ಉಳಿದವು. ಇನಾಮದಾರ, ಜಮಾದಾರ, ಹವಾಲದಾರ, ಕಿಲ್ಲೇದಾರ, ಜಾಗೀರದಾರ, ಮುಜುಮದಾರ.

ವಿಜಯಪುರದಲ್ಲಿ ಇನಾಮದಾರ ಎಂದರೆ ಬ್ರಾಹ್ಮಣರೋ ಮುಸ್ಲಿಮರೋ ಲಿಂಗಾಯತರೋ ಎಂದು ಹೆಸರಿನಿಂದ ತಿಳಿಯುವುದಿಲ್ಲ. ಮುಸ್ಲಿಂ ಪಾಟೀಲರಿದ್ದಾರೆ, ಮುಸ್ಲಿಂ ದೇಸಾಯರಿದ್ದಾರೆ, ಜೈನ ಪಾಟೀಲರು ಬೆಳಗಾವಿ ಕಡೆ ಊರೂರಿಗೆ ಸಿಗುತ್ತಾರೆ. ವೃತ್ತಿಯ ಹೆಸರುಗಳಲ್ಲೂ ಇದೇ ನೆರೆಹೊರೆ. ಒಂದೇ ಓಣಿಯಲ್ಲಿ ಬಡಿಗೇರ, ಪತ್ತಾರ, ಹೂಗಾರ ಇದ್ದರೆ ಪಕ್ಕದಲ್ಲೇ ಹಣ್ಣು ಮಾರುವ ಬಾಗವಾನ, ಅತ್ತರಿನ ಅತ್ತಾರ, ಹತ್ತಿ ಹಿಂಜುವ ನದಾಫ, ವೀಳ್ಯದೆಲೆಯ ತಾಂಬೋಳಿ, ಬಳೆಯ ಮಣಿಯಾರ. ಸಂತೆ ಕಟ್ಟಲು ಇಷ್ಟು ಜನ ಸಾಕು.

ಗೌಡಕಿ, ಕುಲಕರ್ಣಿಕಿ ಎಲ್ಲ ವಂಶಪಾರಂಪರ್ಯವಾಗಿದ್ದವು, ವತನದ ಜಮೀನು ಅದರ ಜೊತೆಗಿತ್ತು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂತು, 1963ರ ಫೆಬ್ರುವರಿ 1ರಿಂದ ಜಾರಿಯಾಯಿತು. ಶಾನುಭೋಗರ ಜಾಗಕ್ಕೆ ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗ ಬಂದ. ಆ ದಿನದಿಂದ ಪಾಟೀಲ, ಕುಲಕರ್ಣಿ ಬರೀ ಹೆಸರುಗಳು. ಊರ ಲೆಕ್ಕದ ಒಂದು ಅಂಕಿಯನ್ನೂ ನೋಡದ ಕುಲಕರ್ಣಿಗಳ ಎರಡು ಮೂರು ತಲೆಮಾರು ಬೆಳೆದಿದೆ.

ಆ ಕಾಯಿದೆ ಮೇಲಿನವರ ಜೊತೆ ಕೆಳಗಿನವರ ಹುದ್ದೆಯನ್ನೂ ತೆಗೆದುಹಾಕಿತು, ಇದನ್ನು ನೆನೆಯುವವರು ಕಡಿಮೆ. ಊರು ಕಾಯುವ ತಳವಾರ, ಓಲೆ ಒಯ್ಯುವ ವಾಲೀಕಾರ, ಕೆರೆಯ ನೀರು ಬಿಡುವ ನೀರಗಂಟಿ, ತೋಟಿ. ಇವರಿಗೂ ಚೂರುಪಾರು ಜಮೀನಿತ್ತು, ಜೊತೆಗೆ ಬಿಟ್ಟಿ ಚಾಕರಿಯೂ ಇತ್ತು. ಪಾಟೀಲನಿಗೆ ಹೆಸರು ಉಳಿದದ್ದು ಮರ್ಯಾದೆ ಉಳಿದಂತೆ. ವಾಲೀಕಾ‌ರನ ಮಗನಿಗೆ ಹಾಗಲ್ಲ. ಊರವರು ಕರೆದದ್ದನ್ನೇ ಮಾಸ್ತರರು ಬರೆದುಕೊಂಡರು ಎಂದೆನಲ್ಲ, ಆ ಊರವರು ಎಲ್ಲರನ್ನೂ ಒಂದೇ ದನಿಯಲ್ಲಿ ಕರೆದವರಲ್ಲ. ಶಾಲೆಯ ಪುಸ್ತಕದಲ್ಲಿ ಒಬ್ಬನ ಮುಂದೆ ಹೊಸಮನಿ ಎಂದಿದ್ದರೆ ಇನ್ನೊಬ್ಬನ ಮುಂದೆ ನೇರವಾಗಿ ಜಾತಿಯ ಹೆಸರೇ ಇರುತ್ತಿತ್ತು. ಮಾದರ, ಹೊಲೆಯರ, ಆಮೇಲೆ ಹರಿಜನ. ಹಾಜರಿ ಕೂಗಿದಾಗಲೆಲ್ಲ ಅದನ್ನು ಇಡೀ ತರಗತಿ ಕೇಳುತ್ತಿತ್ತು. ಮೆಣಸಿನಕಾಯಿಗೆ ನಗುವವರು ಈ ಪುಟವನ್ನೂ ತಿರುವಿ ನೋಡಬೇಕು. ಅನೇಕರು ಬೆಳೆದ ಮೇಲೆ ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹೆಸರು ಬದಲಿಸಿಕೊಂಡರು. ಬದಲಿಸದೆ ಹಾಗೇ ಎದೆಗೊತ್ತಿ ನಡೆದವರೂ ಇದ್ದಾರೆ. ಬಂಡಾಯದ ಕವಿ ಚೆನ್ನಣ್ಣ ವಾಲೀಕಾರರು ಪುಸ್ತಕದ ಮುಖಪುಟದಲ್ಲೇ ಆ ಹುದ್ದೆಯನ್ನು ಹೊತ್ತು ನಿಂತರು. ಘೋಡಗೇರಿಯ ಕಮ್ಮಾರರ ಮನೆಯ ಚಂದ್ರಶೇಖರ ಕಂಬಾರರ ಹೆಸರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. ದೇವನೂರ ಮಹಾದೇವರು ಊರನ್ನು ಮುಂದಿಟ್ಟುಕೊಂಡರು. ಕ್ಷೌರಿಕ ವೃತ್ತಿಯ ಸಮುದಾಯ ಬೇರೆಲ್ಲ ಹೆಸರು ಬಿಟ್ಟು ‘ಹಡಪದ’ ಎಂದು ಕರೆದುಕೊಂಡಿತು, ಅಪ್ಪಣ್ಣನ ವಾರಸುದಾರಿಕೆ ಅದಕ್ಕೆ ಹೆಮ್ಮೆಯದು.

ತಳವಾರರ ವಿಷಯ ಇನ್ನೂ ಗೋಜಲು. ಊರು ಕಾಯುವ ಕೆಲಸ ಒಂದೊಂದು ಕಡೆ ಒಂದೊಂದು ಸಮುದಾಯದ್ದು. 2020ರಲ್ಲಿ ಸಂಸತ್ತು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ಜೊತೆಗೆ ತಳವಾರ, ಪರಿವಾರ ಎಂಬ ಹೆಸರುಗಳನ್ನೂ ಸೇರಿಸಿತು. ಅಲ್ಲಿಂದ ಪ್ರಶ್ನೆ ಶುರು, ತಳವಾರ ಎಂಬುದು ಜಾತಿಯೋ ಹುದ್ದೆಯೋ? ಅಡ್ಡಹೆಸರು ಪ್ರಮಾಣಪತ್ರವಾಗುವಾಗ ತಹಶೀಲ್ದಾರರ ಕಚೇರಿ ಇತಿಹಾಸದ ಪರೀಕ್ಷೆಗೆ ಕೂರಬೇಕಾಗುತ್ತದೆ.

ನಾಯಕರು ಎಷ್ಟು ಬಗೆ?

ಹೆಸರು ಕೇಳಿ ಜಾತಿ ಹೇಳುವ ಚಟದವರನ್ನು ಉತ್ತರ ಕನ್ನಡಕ್ಕೆ ಕಳಿಸಬೇಕು. ಅಲ್ಲಿ ನಾಯಕ ಎಂದರೆ ಕೊಂಕಣಿ ಮಾತಾಡುವ ಸಾರಸ್ವತರಿರಬಹುದು, ಅಂಕೋಲೆಯ ನಾಡವರಿರಬಹುದು, ನಾಮಧಾರಿಗಳಲ್ಲಿ ನಾಯ್ಕರು ಧಾರಾಳ. ಚಿತ್ರದುರ್ಗ, ಸುರಪುರದ ಕಡೆ ಬಂದರೆ ವಾಲ್ಮೀಕಿ ನಾಯಕರು, ತಾಂಡಾಕ್ಕೆ ಹೋದರೆ ಲಂಬಾಣಿ ನಾಯ್ಕರು. ಹೆಗಡೆ ಎಂದರೆ ಶಿರಸಿಯ ಹವ್ಯಕರೇ ಎಂದು ಪಂದ್ಯ ಕಟ್ಟಿದರೆ ಉಡುಪಿಯ ಬಂಟ ಹೆಗ್ಡೆ, ಧರ್ಮಸ್ಥಳದ ಜೈನ ಹೆಗ್ಗಡೆ, ಕೊಂಕಣಿ ಹೆಗ್ಡೆ ಸೇರಿ ನಿಮ್ಮನ್ನು ಸೋಲಿಸುತ್ತಾರೆ. ಗೌಡ ಎಂದರೆ ಮಂಡ್ಯದ ಒಕ್ಕಲಿಗ, ಧಾರವಾಡದ ಲಿಂಗಾಯತ, ಸುಳ್ಯದ ಅರೆಭಾಷಿಗ, ಅಂಕೋಲೆಯ ಹಾಲಕ್ಕಿ. ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಹಾಲಕ್ಕಿಗಳು. ಶೆಟ್ಟಿಯರ ಪಟ್ಟಿ ಮಾಡಲು ಹೋಗುವುದೇ ಬೇಡ, ಶ್ರೇಷ್ಠಿ ಎಂಬ ಒಂದು ಮಾತು ಬಂಟರಿಂದ ಬಣಜಿಗರವರೆಗೆ, ದೇವಾಂಗರಿಂದ ವೈಶ್ಯರವರೆಗೆ ಹರಡಿದೆ.

ನಿಜವಾದ ವಂಶದ ಗುರುತು ಬೇರೆಯೇ ಇದೆ, ಅದು ಆಧಾರ್ ಕಾರ್ಡಿನಲ್ಲಿ ಇರುವುದಿಲ್ಲ. ತುಳುನಾಡಿನಲ್ಲಿ ಅದಕ್ಕೆ ‘ಬರಿ’ ಎನ್ನುತ್ತಾರೆ, ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಶೆಟ್ಟಿಗೂ ಶೆಟ್ಟಿಗೂ ಮದುವೆಯಾಗಬಹುದು, ಬರಿ ಒಂದೇ ಆಗಿದ್ದರೆ ಆಗದು. ಲಿಂಗಾಯತರಲ್ಲಿ ಬೆಡಗು, ಬ್ರಾಹ್ಮಣರಲ್ಲಿ ಗೋತ್ರ. ಅಡ್ಡಹೆಸರು ಊರಿಗೆ ಹೇಳುವ ಗುರುತು, ಬೆಡಗು ಬೀಗರಿಗೆ ಹೇಳುವ ಗುರುತು.

ಮಂಗಳೂರಿನ ಕ್ಯಾಥೊಲಿಕ್ ಕ್ರೈಸ್ತರ ಹೆಸರುಗಳು ಬಂದದ್ದು ಪೋರ್ಚುಗಲ್ಲಿನಿಂದ, ಗೋವೆಯ ದಾರಿಯಾಗಿ. ದೀಕ್ಷಾಸ್ನಾನದ ಹೊತ್ತಿನಲ್ಲಿ ಪಾದ್ರಿಯ ಅಥವಾ ಧರ್ಮಪಿತರ ಹೆಸರು ಮನೆತನಕ್ಕೆ ಬಂತು. ಲೋಬೊ ಎಂದರೆ ತೋಳ, ಮಚಾದೊ ಕೊಡಲಿ, ಪಿರೇರಾ ಪೇರಿಹಣ್ಣಿನ ಮರ, ಒಲಿವೇರಾ ಆಲಿವ್ ಮರ. ಡಿಕೋಸ್ಟಾ ತೀರದವರು, ಡಿಸಿಲ್ವಾ ಕಾಡಿನವರು, ಫರ್ನಾಂಡಿಸ್ ಎಂದರೆ ಫರ್ನಾಂಡೊನ ಮಗ. ಹುಣಸಿಮರದವರೂ ಬೇವಿನಮರದವರೂ ಪೋರ್ಚುಗಲ್ಲಿನಲ್ಲಿಯೂ ಇದ್ದರು ಎಂದಾಯಿತು. ಬಡಗಣ ಕರ್ನಾಟಕದಲ್ಲಿ ಹುಲಿ, ಕರಡಿ ಎಂಬ ಅಡ್ಡಹೆಸರಿನವರಿದ್ದಾರೆ, ತೋಳನ ಪಾಲು ಮಂಗಳೂರಿಗೆ ಬಂದಿದೆ. ಕೆಲವು ಕ್ಯಾಥೊಲಿಕ್ ಮನೆಗಳಲ್ಲಿ ಪ್ರಭು, ಶೇಟ್, ಕಾಮತ್, ಪೈ ಎಂಬ ಮತಾಂತರಕ್ಕೆ ಮೊದಲಿನ ಹೆಸರಿನ ನೆನಪು ಇನ್ನೂ ಇದೆ.

ಕೊಡವರದು ಇವೆಲ್ಲಕ್ಕಿಂತ ಅಚ್ಚುಕಟ್ಟು. ಒಕ್ಕದ, ಅಂದರೆ ಮನೆತನದ, ಹೆಸರು ಎಲ್ಲಕ್ಕೂ ಮುಂದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭೂಸೇನೆಯ ಇಬ್ಬರು ಮುಖ್ಯಸ್ಥರು ಒಂದೇ ಒಕ್ಕದವರು ಎಂಬುದು ‘ಕೆ’ ಎಂಬ ಒಂದಕ್ಷರದಲ್ಲಿ ಅಡಗಿದೆ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ತಂಡ ಎಂದರೆ ಒಕ್ಕ, ಪ್ರತಿವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಅದರದೇ ಹೆಸರು. ಇತ್ತೀಚಿನ ವರ್ಷಗಳಲ್ಲಿ ಮುನ್ನೂರು ದಾಟಿದ ತಂಡಗಳು ಬಂದಿವೆ. ಅಡ್ಡಹೆಸರುಗಳು ಅಲ್ಲಿ ಜರ್ಸಿ ಹಾಕಿಕೊಂಡು ಮೈದಾನಕ್ಕಿಳಿಯುತ್ತವೆ.

ಕಾಲಂ ಖಾಲಿ ಬಿಡುವಂತಿಲ್ಲ

ಶಾಲಾ ಮಾಸ್ತರರ ಮೂರನೆಯ ಕಾಲಂ ಈಗ ಇಡೀ ಜಗತ್ತಿನದಾಗಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಒಂದು ಸಾಲು, ಗಿವನ್ ನೇಮ್ ಇನ್ನೊಂದು ಸಾಲು. ಮುಂಬಯಿ ಕರ್ನಾಟಕದವರು ಇಲ್ಲಿ ಸರಾಗವಾಗಿ ದಾಟಿಹೋಗುತ್ತಾರೆ. ನೂರು ವರ್ಷದ ಹಿಂದೆ ಅಜ್ಜನಿಗೆ ಅಂಟಿಸಿದ ಹೆಸರು ವೀಸಾ ಕಚೇರಿಗೆ ಸರಿಹೊಂದುತ್ತದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು, ಅಲ್ಲಿಯವರಿಗೆ ಥಾಣೆಯ ಅಧಿಕಾರಿಯ ಹುದ್ದೆ ಗೊತ್ತಿರಬೇಕಾಗಿಲ್ಲ.

ಪೇಚಾಡುವುದು ಮೈಸೂರು, ಮಂಡ್ಯ, ತುಮಕೂರಿನವರು. ಇನಿಷಿಯಲ್ ಬಿಡಿಸಿ ಬರೆದಾಗ ಕೊನೆಗೆ ನಿಲ್ಲುವುದು ಅಪ್ಪನೋ ಊರೋ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಹೀಗೆಯೇ ವಾಷಿಂಗ್ಟನ್ ತಲುಪಿತು, ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಹಲ್ಲೆಗೆರೆ ಮೂರ್ತಿ ಅವರ ಹೆಸರಿನ ನಟ್ಟನಡುವೆ ಕೂತು. ಅದೃಷ್ಟ ಕಡಿಮೆ ಇದ್ದವರಿಗೆ ಸರ್‌ನೇಮ್ ಖಾಲಿ. ಅಂಥ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದದರ ಅರ್ಥ. ಅಲ್ಲಿಯ ಬ್ಯಾಂಕು, ಆಸ್ಪತ್ರೆಗಳಲ್ಲಿ ಸರದಿ ಬಂದಾಗ ‘ಫ್ನೂ’ ಎಂದು ಕೂಗಿದರೆ ಎದ್ದು ನಿಲ್ಲುವವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ. 2022ರ ನವೆಂಬರಿನಲ್ಲಿ ಯುಎಇ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿತು.

ಇದಕ್ಕೆ ಬೆಂಗಳೂರಿನ ಮನೆಗಳು ಕಂಡುಕೊಂಡ ಉಪಾಯ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡುವುದು. ಮಂಜುನಾಥನ ಸರ್‌ನೇಮ್ ರಾಮಯ್ಯ, ಅವನ ಹೆಂಡತಿಯದು ತವರಿನ ನಾಗರಾಜ್, ಇಬ್ಬರ ಮಗಳದು ಮಂಜುನಾಥ್. ವಿದೇಶದ ಕೌಂಟರಿನಲ್ಲಿ ಮೂರು ಪಾಸ್‌ಪೋರ್ಟು ಒಟ್ಟಿಗೆ ಇಟ್ಟರೆ ಮೂರು ಬೇರೆಬೇರೆ ಮನೆತನ. ಮದುವೆಯ ಸರ್ಟಿಫಿಕೇಟು, ಮಗಳ ಜನನ ಪ್ರಮಾಣಪತ್ರ ಫೈಲಿನಲ್ಲಿ ಸಿದ್ಧವಾಗಿರಬೇಕು. ಇನ್ನು ಮಗಳ ಮಗು ಹುಟ್ಟಿದಾಗ ಮಂಜುನಾಥನೂ ಹೋಗಿ ಬೇರೆ ಹೆಸರು ಬರುತ್ತದೆ, ಹೆಚ್ಚು ಕಡಿಮೆ ಹಿಂದೆ ಇನಿಷಿಯಲ್‌ನಲ್ಲಿ ಆಗುತ್ತಿದ್ದಂತೆಯೇ. ಈಚೆಗೆ ಕೆಲವರು ತಾತನ ಊರನ್ನು ವಿಚಾರಿಸಿ ಅದನ್ನೇ ಮಕ್ಕಳ ಕೊನೆಯ ಹೆಸರಾಗಿ ಬರೆಸುತ್ತಿದ್ದಾರೆ. ಜನನ ನೋಂದಣಿಯ ಫಾರಂ ತುಂಬುವ ಮೊದಲು ಅಜ್ಜಿಗೆ ಫೋನು ಹೋಗುತ್ತದೆ, ಊರಿನ ಹೆಸರಿನಲ್ಲಿರುವುದು ‘ಹಳ್ಳಿ’ಯೋ ‘ಪುರ’ವೋ ಖಚಿತ ಮಾಡಿಕೊಳ್ಳಲು.